ಡಿಜಿಟಲ್ ಗೇಮ್ ಕೊಳ್ಳುವವರು ತಮ್ಮ ಹಕ್ಕನ್ನು ಉಳಿಸಿಕೊಳ್ಳುವ ಬಗೆ

ಆನ್‌ಲೈನ್ ಅಂಗಡಿಯಲ್ಲಿ ಹಣ ಕೊಟ್ಟು ಪಡೆದ ವಿಡಿಯೋ ಗೇಮ್ ಬಹುತೇಕ ಸಂದರ್ಭಗಳಲ್ಲಿ ನಮ್ಮ ಸ್ವತ್ತಾಗುವುದಿಲ್ಲ. ಅದನ್ನು ಆಡಲು ಕಂಪನಿ ಕೊಡುವ ಪರವಾನಗಿಯಷ್ಟೇ ನಮ್ಮ ಪಾಲಿಗೆ ಬರುತ್ತದೆ. 2014ರಲ್ಲಿ ಬಿಡುಗಡೆಯಾದ 'ದಿ ಕ್ರ್ಯೂ' ಎಂಬ ಕಾರ್ ರೇಸಿನ ಗೇಮ್‌ನ ಸರ್ವರ್‌ಗಳನ್ನು ಅದನ್ನು ಹೊರತಂದ ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ 31ರಂದು ನಿಲ್ಲಿಸಿತು. ಅದು ಸದಾ ಇಂಟರ್ನೆಟ್ ಸಂಪರ್ಕ ಬೇಡುವ ಗೇಮ್ ಆಗಿದ್ದರಿಂದ, ಡಿಸ್ಕ್ ಇಟ್ಟುಕೊಂಡಿದ್ದವರೂ ಆಡಲಾಗದೆ ಹೋದರು. ಇದಾದ ಮೇಲೆ ಯುರೋಪಿನಲ್ಲಿ ಗೇಮ್‌ಗಳನ್ನು ಕೊಲ್ಲಬೇಡಿ ಎಂಬ ಚಳವಳಿಯೇ ಎದ್ದು, ಹತ್ತು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಭಾರತದಲ್ಲಿ ಗೇಮ್‌ಗಳಿಗೆಂದೇ ಪ್ರತ್ಯೇಕ ಕಾನೂನು ಇಲ್ಲದಿದ್ದರೂ, ಇರುವ ಕಾನೂನು ದುರ್ಬಲವೇನಲ್ಲ. ಅದನ್ನು ಬಳಸಲು ಬೇಕಾದ ಸಿದ್ಧತೆ ಮಾತ್ರ ಹಣ ಕೊಡುವ ಮೊದಲೇ ಆರಂಭವಾಗಬೇಕು.

ಕೊಳ್ಳುವ ಮುನ್ನ ಆ ಗೇಮ್ ಒಬ್ಬರೇ ಆಡುವಾಗಲೂ ಇಂಟರ್ನೆಟ್ ಬೇಡುತ್ತದೆಯೇ, ಅಂಗಡಿಯ ಖಾತೆಯ ಜೊತೆಗೆ ಇನ್ನೊಂದು ಕಂಪನಿಯ ಖಾತೆಯನ್ನೂ ತೆರೆಯಬೇಕೇ ಎಂಬುದನ್ನು ಮಾರಾಟದ ಪುಟದಲ್ಲಿ ಹುಡುಕಿ ಓದಿ. ಬರಿಯ ಪರವಾನಗಿಯನ್ನು ಮಾರುತ್ತಾ, ಆ ಮಾತನ್ನು ಸ್ಪಷ್ಟವಾಗಿ ತಿಳಿಸದೆ, 'ಖರೀದಿ' ಎಂಬ ಪದ ಬಳಸುವುದನ್ನು ಕ್ಯಾಲಿಫೋರ್ನಿಯಾದ ಕಾನೂನೊಂದು 2025ರ ಜನವರಿ 1ರಿಂದ ನಿಷೇಧಿಸಿದೆ. ಗೇಮ್‌ಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯ ಕಾರ್ಟ್ ಪುಟದಲ್ಲಿ, ಪಾವತಿಯ ಗುಂಡಿಯ ಹತ್ತಿರ, ನಿಮಗೆ ದೊರೆಯುವುದು ಪರವಾನಗಿ ಎಂದು ಹೇಳುವ ಸಣ್ಣ ಸಾಲು ಈಗ ಕಾಣುತ್ತದೆ. ಜಿಒಜಿ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯು ಇಂಟರ್ನೆಟ್ ಇಲ್ಲದೆಯೂ ಇನ್‌ಸ್ಟಾಲ್ ಮಾಡಬಹುದಾದ ಕಡತವನ್ನೇ ಕೊಡುತ್ತದೆ. ಒಂದೇ ಗೇಮ್ ಎರಡೂ ಕಡೆ ಸಿಗುವುದಾದರೆ, ಬೆಲೆ ತುಸು ಹೆಚ್ಚಾದರೂ ಜಿಒಜಿಯಲ್ಲೇ ಕೊಂಡು ಆ ಕಡತವನ್ನು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳುವುದು ಜಾಣತನ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊಂಡ ದಿನವೇ ರಸೀದಿಯ ಇ-ಮೇಲ್, ಯುಪಿಐ ಅಥವಾ ಕಾರ್ಡ್ ಪಾವತಿಯ ವಹಿವಾಟು ಸಂಖ್ಯೆ, ಮಾರಾಟದ ಪುಟದ ಸ್ಕ್ರೀನ್‌ಶಾಟ್ ಮತ್ತು ಅಂದಿನ ಬಳಕೆಯ ನಿಯಮಗಳ ಪ್ರತಿ, ಇವಿಷ್ಟನ್ನು ಒಂದೇ ಫೋಲ್ಡರಿನಲ್ಲಿ ಹಾಕಿಡಿ. ಕಂಪನಿಗಳು ನಿಯಮಗಳನ್ನು ಆಗಾಗ ತಿದ್ದುವುದರಿಂದ, ನೀವು ಒಪ್ಪಿದ್ದು ಯಾವುದಕ್ಕೆ ಎಂದು ತೋರಿಸಲು ಆ ಪ್ರತಿ ಬೇಕಾಗುತ್ತದೆ. ಗೇಮ್ ಸರಿಯಾಗಿ ನಡೆಯದಿದ್ದರೆ ತಡಮಾಡಬೇಡಿ: ಸ್ಟೀಮ್‌ನಲ್ಲಿ ಕೊಂಡ 14 ದಿನಗಳೊಳಗೆ, ಆಟದ ಅವಧಿ ಎರಡು ಗಂಟೆಗಿಂತ ಕಡಿಮೆ ಇದ್ದಾಗ, ಕಾರಣ ಏನೇ ಇರಲಿ ಹಣ ವಾಪಸು ಕೇಳಬಹುದು. ಆಡದೆ ಸುಮ್ಮನೆ ತೆರೆದಿಟ್ಟ ಹೊತ್ತೂ ಈ ಎರಡು ಗಂಟೆಯಲ್ಲಿ ಸೇರುತ್ತದೆ. ಅಂಗಡಿಯನ್ನು ಕೇಳದೆ ಬ್ಯಾಂಕಿನ ಮೂಲಕ ಪಾವತಿಯನ್ನು ಹಿಂದಕ್ಕೆ ಪಡೆಯಲು ಹೊರಟರೆ ಇಡೀ ಖಾತೆಗೇ ಬೀಗ ಬೀಳುವ ಸಂಭವವಿದೆ. ಆದ್ದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಅಂಗಡಿ ಒಪ್ಪದಿದ್ದಾಗ ನೆರವಿಗೆ ಬರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದರಡಿ ಬಂದ 2020ರ ಇ-ಕಾಮರ್ಸ್ ನಿಯಮಗಳು ಡಿಜಿಟಲ್ ಉತ್ಪನ್ನಗಳನ್ನೂ, ಭಾರತದ ಗ್ರಾಹಕರಿಗೆ ಕ್ರಮಬದ್ಧವಾಗಿ ಮಾರುವ ವಿದೇಶಿ ಕಂಪನಿಗಳನ್ನೂ ಒಳಗೊಳ್ಳುತ್ತವೆ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತವಾಗಿ ದೂರು ಕೊಡಿ. ಅವರು 48 ಗಂಟೆಗಳೊಳಗೆ ಸ್ವೀಕೃತಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದಾಗದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಿ.

ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂಪನಿಯ ಕಚೇರಿ ಎಲ್ಲೇ ಇರಲಿ, ಕಲಬುರಗಿಯಲ್ಲಿ ವಾಸಿಸುವವರು ಕಲಬುರಗಿಯ ಆಯೋಗದಲ್ಲೇ ದೂರು ಸಲ್ಲಿಸಬಹುದೆಂಬುದು ಈ ಕಾಯ್ದೆಯ ಬಹುದೊಡ್ಡ ಅನುಕೂಲ. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳುವುದೂ ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ಸಲ್ಲಿಸಲು ಸಾಧ್ಯ. ವಿವಾದ ಕೋರ್ಟಿನ ಹೊರಗಿನ ಮಧ್ಯಸ್ಥಿಕೆಗೇ (ಆರ್ಬಿಟ್ರೇಷನ್) ಹೋಗಬೇಕೆಂಬ ಷರತ್ತು ಒಪ್ಪಂದದಲ್ಲಿದೆ ಎಂದು ಕಂಪನಿ ಹೆದರಿಸಿದರೆ ಅಂಜಬೇಕಿಲ್ಲ. ಅಂಥ ಷರತ್ತು ಗ್ರಾಹಕ ದೂರಿಗೆ ಅಡ್ಡಿಯಾಗದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಎಮಾರ್ ಎಂಜಿಎಫ್ ಎಂಬ ಮನೆ ಕಟ್ಟಿ ಮಾರುವ ಕಂಪನಿಯ ಪ್ರಕರಣದಲ್ಲಿ ಹೇಳಿದೆ. ದೂರಿನಲ್ಲಿ ಕೊಂಡ ದಿನ, ಕೊಟ್ಟ ಮೊತ್ತ, ಮಾರುವಾಗ ಹೇಳಿದ್ದೇನು, ಕೊನೆಗೆ ದೊರೆತದ್ದೇನು, ನೀವು ಕೇಳುತ್ತಿರುವ ಪರಿಹಾರವೇನು ಎಂಬುದನ್ನು ದಿನಾಂಕಗಳ ಕ್ರಮದಲ್ಲಿ ಬರೆದು, ಫೋಲ್ಡರಿನ ದಾಖಲೆಗಳನ್ನು ಲಗತ್ತಿಸಿ. ಇದೆಲ್ಲವೂ ವಿವಾದಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ಆಗಬೇಕು.