ಬೇರು ಬಿಡದ ಹೊಗೆಸೊಪ್ಪು

ಪಿಎಚ್‌ಡಿಯ ಮೊದಲ ವರ್ಷ ಹೊಗೆಸೊಪ್ಪಿನ ಗಿಡಕ್ಕೆ ಐಪಿಟಿ ಅನ್ನೋ ಜೀನ್ ಸೇರಿಸಿದೆ. ಇದು ಗಿಡಗಳಿಗೆ ತನ್ನ ಜೀನ್ ದಾಟಿಸುವ ಆಗ್ರೋಬ್ಯಾಕ್ಟೀರಿಯಂ ಅನ್ನೋ ಮಣ್ಣಿನ ಬ್ಯಾಕ್ಟೀರಿಯಾದ್ದು. ಸೈಟೊಕೈನಿನ್ ಹಾರ್ಮೋನ್ ತಯಾರಾಗಲು ಬೇಕಾದ ಕಿಣ್ವ ಇದರಿಂದ ಬರುತ್ತದೆ. ಜೀನ್ ಮುಂದೆ 35ಎಸ್ ಪ್ರೊಮೋಟರ್ (ಜೀನ್ ಎಲ್ಲಿ, ಯಾವಾಗ ಆನ್ ಆಗಬೇಕೆಂದು ನಿರ್ಧರಿಸುವ ಸ್ವಿಚ್) ಇಟ್ಟಿದ್ದೆ, ಅಂದರೆ ಗಿಡದ ಹೆಚ್ಚುಕಮ್ಮಿ ಎಲ್ಲಾ ಕಡೆ, ಯಾವಾಗಲೂ ಆನ್.

ಎಲೆಯನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಈ ಜೀನ್ ಹೊತ್ತ ಬ್ಯಾಕ್ಟೀರಿಯಾ ಬೆಳೆಸಿದ ದ್ರವದಲ್ಲಿ ಅದ್ದಿ, ಆಮೇಲೆ ಜೀನ್ ಸೇರದ ಕೋಶಗಳನ್ನು ತಡೆಯುವ ಕ್ಯಾನಮೈಸಿನ್ ಹಾಕಿದ ಮೀಡಿಯಾಗೆ (ಗಿಡ ಬೆಳೆಸುವ ಪೋಷಕ ಮಿಶ್ರಣ) ಬದಲಾಯಿಸಿದೆ. ಚಿಗುರು ಗೊಂಚಲು ಗೊಂಚಲಾಗಿ ಬಂತು. ತುಂಬಾ ಖುಷಿಯಾಯ್ತು. ಆದರೆ ಬೇರಿನ ಮೀಡಿಯಾಗೆ ಹಾಕಿದರೆ ವಾರಗಟ್ಟಲೆ ಕಾದರೂ ಒಂದಕ್ಕೂ ಬೇರಿಲ್ಲ. ಆಕ್ಸಿನ್ ಅನ್ನೋ ಇನ್ನೊಂದು ಹಾರ್ಮೋನ್ ಜಾಸ್ತಿಯಾದರೆ ಬೇರು, ಸೈಟೊಕೈನಿನ್ ಜಾಸ್ತಿಯಾದರೆ ಚಿಗುರು ಅಂತ ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲಿ ಇದೇ ಹೊಗೆಸೊಪ್ಪಿನಲ್ಲಿ ತೋರಿಸಿದ್ದರು. ನಾನು ಮೀಡಿಯಾಗೆ ಆಕ್ಸಿನ್ ಸುರಿದು ನೋಡಿದೆ, ಉಪಯೋಗವಾಗಲಿಲ್ಲ. ಗಿಡದ ಒಳಗೇ ನಲ್ಲಿ ತೆರೆದಿಟ್ಟ ಹಾಗಿದ್ದಾಗ ಹೊರಗಿನಿಂದ ಎಷ್ಟು ಕೊಟ್ಟರೆ ತಾನೇ ಸಾಕು? ಕೊನೆಗೆ ಆ ಚಿಗುರನ್ನು ಮಾಮೂಲಿ ಗಿಡದ ಬುಡಕ್ಕೆ ಕಸಿ ಕಟ್ಟಿ ಉಳಿಸಿಕೊಂಡೆ. ಗಿಡ ಕುಳ್ಳಗಾಯಿತು, ಎಲೆಗಳ ಕಂಕುಳಲ್ಲೆಲ್ಲಾ ಕವಲು.

ನಮ್ಮದು ಹುಣಸೂರು ಕಡೆ. ಹೊಲದಲ್ಲಿ ಕುಡಿ ಮುರಿದ ಮೇಲೆ ಕಂಕುಳ ಚಿಗುರು ಹೊರಡುತ್ತೆ, ಅದನ್ನು ಕೀಳೋದೇ ದೊಡ್ಡ ಕೆಲಸ. ಕುಡಿಯಿಂದ ಇಳಿಯುವ ಆಕ್ಸಿನ್ ಆ ಮೊಗ್ಗುಗಳನ್ನು ತಡೆದಿಟ್ಟಿರುತ್ತದೆ. ನನ್ನ ಗಿಡದಲ್ಲಿ ಕುಡಿ ಇತ್ತು, ಆದರೂ ಸೈಟೊಕೈನಿನ್ ಹೆಚ್ಚಿದ್ದರಿಂದ ಮೊಗ್ಗುಗಳು ಒಡೆದವು.

ಆಮೇಲೆ ಪ್ರೊಮೋಟರ್ ಬದಲಿಸಿದೆ. ಗ್ಯಾನ್ ಮತ್ತು ಅಮಾಸಿನೋ 1995ರಲ್ಲಿ ಪ್ರಕಟಿಸಿದ ಉಪಾಯ ಅದು: ಎಸ್‌ಎಜಿ12 ಪ್ರೊಮೋಟರ್. ಎಲೆಗೆ ಮುಪ್ಪು ಶುರುವಾದಾಗ ಜೀನ್ ಆನ್ ಆಗುತ್ತದೆ, ಸೈಟೊಕೈನಿನ್ ಬಂದು ಮುಪ್ಪನ್ನು ತಡೆಯುತ್ತದೆ, ಮುಪ್ಪು ತಡೆದರೆ ಪ್ರೊಮೋಟರ್ ತಾನೇ ತಣ್ಣಗಾಗುತ್ತದೆ. ಎಷ್ಟು ಚೆನ್ನಾಗಿದೆ ಅಲ್ವಾ? ಈ ಸಲ ಬೇರು ಸಲೀಸಾಗಿ ಬಂತು. ಗಿಡ ನೋಡಲು ಮಾಮೂಲಿಯೇ, ಪಕ್ಕದ ಕುಂಡದಲ್ಲಿ ತಳದ ಎಲೆ ಹಳದಿಯಾಗಿ ಒಣಗಿದಾಗಲೂ ಇದರದ್ದು ಹಸಿರಾಗಿತ್ತು.

ಅಪ್ಪನಿಗೆ ಫೋಟೋ ತೋರಿಸಿದೆ. "ಎಲೆ ಹಣ್ಣಾಗ್ದೇ ಇದ್ರೆ ಬ್ಯಾರನ್‌ಗೆ ಏನ್ ಹಾಕೋದು ಮಗ?" ಅಂದರು. ನಿಜ, ಬ್ಯಾರನ್‌ನಲ್ಲಿ, ಅಂದರೆ ಬಿಸಿ ಹಾಯಿಸಿ ಎಲೆ ಒಣಗಿಸುವ ಮನೆಯಲ್ಲಿ, ಸೊಪ್ಪು ಬೇಯಿಸುವವರಿಗೆ ಈ ಹಸಿರು ಬೇಡ. ಬೇರೆ ಬೆಳೆಗಾದರೂ ಬರೀ ಲಾಭವಲ್ಲ. ಸಾರಜನಕ ಕಡಿಮೆ ಕೊಟ್ಟ ಕುಂಡಗಳಲ್ಲಿ ತಳದ ಎಲೆಗಳು ಅದನ್ನು ಬಿಟ್ಟುಕೊಡದೆ ಹಿಡಿದಿಟ್ಟವು, ಮೇಲಿನ ಎಳೆ ಎಲೆ ಬಿಳಿಚಿಕೊಂಡವು. ಅದನ್ನು ನಾನು ಗಮನಿಸಿದ್ದು ತಡವಾಗಿ, ಅಷ್ಟು ದಿನ ತಳದ ಎಲೆಯನ್ನಷ್ಟೇ ಅಳೆಯುತ್ತಿದ್ದೆ. ಈಗ ಕ್ಲೋರೊಫಿಲ್ ಮೀಟರ್ ಹಿಡಿದರೆ ಮೊದಲು ತುದಿಯ ಎಲೆ.