ಫೈಬರ್ ಸ್ಪೀಕರ್ ಬಾಕ್ಸ್: ಮುಂದಿನ ಮ್ಯಾಟ್ ಹಾಕುವ ಹದ
ಸ್ಪೀಕರ್ ಬಾಕ್ಸಿಗೆ ಫೈಬರ್ ಮ್ಯಾಟ್ (ಗಾಜಿನ ನಾರಿನ ಹಾಸು) ಒಂದೇ ಸಲ ನಾಲ್ಕೈದು ಪದರ ಹೇರಬೇಡಿ. ಎರಡು ಹಾಕಿ ಕಾಯಿರಿ. ಮುಟ್ಟಿದರೆ ಬೆರಳು ಅಂಟಬೇಕು, ರೆಸಿನ್ (ಮ್ಯಾಟಿಗೆ ಸವರುವ, ಗಟ್ಟಿಯಾಗುವ ದ್ರವ) ಬೆರಳಿಗೆ ಬರಬಾರದು, ಆ ಹದದಲ್ಲಿ ಮುಂದಿನೆರಡು ಹಾಕಿ. ಅಂಟು ಇರುವಾಗ ಹೊಸ ರೆಸಿನ್ ಹಳೆಯದರ ಜೊತೆ ಬೆಸೆದುಕೊಳ್ಳುತ್ತದೆ. ಒಟ್ಟಿಗೇ ದಪ್ಪ ಹಾಕಿದರೆ ಗಟ್ಟಿಯಾಗುವಾಗಿನ ಶಾಖ ಒಳಗೇ ಉಳಿದು ಬಾಕ್ಸ್ ಸೊಟ್ಟಗಾಗುತ್ತದೆ, ಬಿರುಕೂ ಬಿಡುತ್ತದೆ. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ಪಾಲಿಯೆಸ್ಟರ್ ರೆಸಿನ್ ಸಾಕು. ಬಿಳಿ ಚುಕ್ಕೆ ಕಂಡಲ್ಲಿ ಗಾಳಿ ನಿಂತಿದೆ ಎಂದರ್ಥ. ಬ್ರಷ್ ಎಳೆಯಬೇಡಿ, ಮ್ಯಾಟ್ ಎದ್ದು ಬರುತ್ತೆ, ತುದಿಯಿಂದ ಕುಟ್ಟಿ. ರೆಸಿನ್ ಗಟ್ಟಿಮಾಡುವ ಹಾರ್ಡ್ನರ್ 100 ಗ್ರಾಂ ರೆಸಿನ್‌ಗೆ 1ರಿಂದ 2 ಎಂಎಲ್: ತುಮಕೂರಿನ ಏಪ್ರಿಲ್ ಬಿಸಿಲಿಗೆ 1 ಧಾರಾಳ, ಚಿಕ್ಕಬಳ್ಳಾಪುರದ ಡಿಸೆಂಬರ್ ಚಳಿಗೆ 2. ಚಳಿಗಾಲದಲ್ಲಿ ಹೊತ್ತೇರಿದ ಮೇಲೆ ಶುರುಮಾಡುವುದೇ ವಾಸಿ. ಮೇಣ ಬೆರೆತ ರೆಸಿನ್‌ಗೆ ಅಂಟು ಇರುವಾಗಲೇ ಮುಂದಿನ ಪದರ ಹಾಕುವ ಉಪಾಯ ನಡೆಯಲ್ಲ, ಮೇಣ ಮೇಲಕ್ಕೆ ಬಂದು ಮುಂದಿನ ಪದರ ಕಚ್ಚಿಕೊಳ್ಳದೆ ಸುಲಿದು ಬರುತ್ತೆ. ಅದನ್ನೂ, ರಾತ್ರಿಯಿಡೀ ಒಣಗಿದ್ದನ್ನೂ 80 ನಂಬರ್ ಸ್ಯಾಂಡ್ ಪೇಪರಿನಿಂದ ಹೊಳಪು ಹೋಗುವವರೆಗೆ ಉಜ್ಜಿಯೇ ಮುಂದುವರಿಸಿ. ಅಂಗಡಿಯಲ್ಲಿ ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲು ಬೆರೆಸುವ ದ್ರವ) ಬೇರೆಯಾಗಿ ಕೊಟ್ಟಿದ್ದರೆ ಮೊದಲು ಅದನ್ನು ರೆಸಿನ್‌ಗೆ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡ್ನರ್. ಇವೆರಡನ್ನೂ ನೇರವಾಗಿ ಸೇರಿಸಿದರೆ ಸಿಡಿದು ಬೆಂಕಿ ಹತ್ತಬಹುದು.