ಹೋಲಿಕೆ ಸರಿಯಿತ್ತು, ಹ್ಯಾಷ್ ಕೈಕೊಟ್ಟಿತು

ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲದೆ ಫೈಲ್ ಹೆಸರು ಹುಡುಕುವ ಕೇಸ್‌ಫೋಲ್ಡ್ ಸೌಲಭ್ಯ ಬಂದದ್ದು 2019ರ ಲಿನಕ್ಸ್ 5.2 ಆವೃತ್ತಿಯಲ್ಲಿ. ನಾವು ಬಳಸುವ ಕರ್ನೆಲ್‌ನಲ್ಲಿ (ಲಿನಕ್ಸ್‌ನ ತಿರುಳಿನಲ್ಲಿ) ಈ ಭಾಗಕ್ಕೆ ಬರುವ ಪ್ಯಾಚ್‌ಗಳನ್ನು, ಅಂದರೆ ಕೋಡ್ ತಿದ್ದುಪಡಿಗಳನ್ನು, ರಿವ್ಯೂ ಮಾಡುವ ಹೊಣೆ ನನ್ನದು. ಮೊದಮೊದಲು ನಾನು ಎರಡು ಹೆಸರುಗಳನ್ನು ಹೋಲಿಸುವ ಫಂಕ್ಷನ್ ಒಂದನ್ನೇ ಸಾಲುಸಾಲಾಗಿ ಓದುತ್ತಿದ್ದೆ. ಈಗ ಓದು ಆರಂಭವಾಗುವುದು ಹ್ಯಾಷ್‌ನಿಂದ, ಅಂದರೆ ಹೆಸರಿನಿಂದ ಲೆಕ್ಕಹಾಕಿ ಪಡೆಯುವ, ಆ ಹೆಸರನ್ನು ಎಲ್ಲಿ ಹುಡುಕಬೇಕೆಂದು ಹೇಳುವ ಸಂಖ್ಯೆಯಿಂದ. ಹೋಲಿಕೆಯ ಫಂಕ್ಷನ್ ಎರಡು ಹೆಸರುಗಳನ್ನು ಒಂದೇ ಎನ್ನುವುದಾದರೆ, ಹುಡುಕಿದ ಹೆಸರುಗಳ ದಾಖಲೆಗಳನ್ನು (ಡೆಂಟ್ರಿಗಳನ್ನು) ಮೆಮೊರಿಯಲ್ಲಿ ಇಟ್ಟುಕೊಳ್ಳುವ ಡೆಂಟ್ರಿ ಕ್ಯಾಷ್‌ನಲ್ಲಿಯೂ ಡಿಸ್ಕ್‌ನ ಡೈರೆಕ್ಟರಿ ಸೂಚಿಯಲ್ಲಿಯೂ ಅವೆರಡರ ಹ್ಯಾಷ್ ಒಂದೇ ಆಗಿರಬೇಕು. ಇಲ್ಲವಾದರೆ ಹುಡುಕಾಟ ಬೇರೆ ಬ್ಲಾಕ್‌ಗೆ ಹೋಗುತ್ತದೆ, ಹೋಲಿಕೆಯ ಫಂಕ್ಷನ್‌ಗೆ ಸರಿಯಾದ ಹೆಸರು ಸಿಗುವುದೇ ಇಲ್ಲ.

ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲದಿದ್ದರೂ ಈ ಕೋಡ್ ಪರೀಕ್ಷಿಸಲು ಕನ್ನಡದ ಹೆಸರುಗಳು ಬಹಳ ಉಪಯುಕ್ತ. ಕೇಸ್‌ಫೋಲ್ಡ್ ಮಾಡುವಾಗ ಯೂನಿಕೋಡ್ ವಿಘಟನೆಯೂ (ಕೂಡಿದ ಚಿಹ್ನೆಯನ್ನು ಬಿಡಿ ಚಿಹ್ನೆಗಳಾಗಿ ಒಡೆಯುವುದು) ನಡೆಯುವುದರಿಂದ, ಓಕಾರದ ಒಂದು ಚಿಹ್ನೆ ಮೂರು ಚಿಹ್ನೆಗಳಾಗಿ ಒಡೆದು, ಮೂರು ಬೈಟ್ ಇದ್ದದ್ದು ಒಂಬತ್ತಾಗುತ್ತದೆ. 'ಕೋ' ಎಂಬುದನ್ನು 42 ಸಲ ಬರೆದ ಹೆಸರು 252 ಬೈಟ್, ಅಂದರೆ ಫೈಲ್ ಹೆಸರಿಗಿರುವ 255 ಬೈಟ್‌ಗಳ ಮಿತಿಯೊಳಗೇ ಇದೆ. ವಿಘಟನೆಯ ಬಳಿಕ ಅದೇ ಹೆಸರು 504 ಬೈಟ್. ಬಫರ್‌ನ (ಹೆಸರನ್ನು ತಾತ್ಕಾಲಿಕವಾಗಿ ಇಡುವ ಜಾಗದ) ಅಳತೆಯನ್ನು ಮೂಲ ಹೆಸರಿನ ಮಿತಿಗೆ ಹೊಂದಿಸಿದ ಕೋಡ್ ಕಂಡಾಗಲೆಲ್ಲ ನಾನು ಈ ಹೆಸರನ್ನು ಕೊಟ್ಟು ನೋಡುತ್ತೇನೆ. ಡೆಂಟ್ರಿ ಹೋಲಿಕೆಯಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ: ಇತರರ ಬದಲಾವಣೆಯನ್ನು ತಡೆಯುವ ಬೀಗವಿಲ್ಲದೆ ನಡೆಯುವ ಹುಡುಕಾಟದ ನಡುವೆಯೇ ಯಾರಾದರೂ ಫೈಲ್‌ನ ಹೆಸರು ಬದಲಿಸಬಹುದಾದ್ದರಿಂದ, ಡೆಂಟ್ರಿಯೊಳಗೇ ಇರುವ ಚಿಕ್ಕ ಹೆಸರನ್ನು ಮೊದಲು ನಕಲು ಮಾಡಿಕೊಂಡು ಆಮೇಲೆ ಯೂನಿಕೋಡ್ ಫಂಕ್ಷನ್‌ಗೆ ಕೊಡಬೇಕು.

ಇಷ್ಟೆಲ್ಲ ಗೊತ್ತಿದ್ದೂ ನಾನು ಎಡವಿದ್ದು ಕಣ್ಣಿಗೆ ಕಾಣದ ಒಂದು ಅಕ್ಷರದಲ್ಲಿ. 'ಸಾಫ್ಟ್‌ವೇರ್' ಎಂದು ಬರೆಯುವಾಗ ಒತ್ತಕ್ಷರ ಮೂಡದಂತೆ ನಾವು ನಡುವೆ ಹಾಕುವ ಝಡ್‌ಡಬ್ಲ್ಯೂಎನ್‌ಜೆಯನ್ನು ಕೇಸ್‌ಫೋಲ್ಡ್ ಕಡೆಗಣಿಸುತ್ತದೆ. ಹಾಗಾಗಿ 'ಸಾಫ್ಟ್‌ವೇರ್' ಮತ್ತು 'ಸಾಫ್ಟ್ವೇರ್' ಅದರ ಪಾಲಿಗೆ ಒಂದೇ ಹೆಸರು. ಇದು ಸರಿಯಲ್ಲವೆಂದು ಸಹೋದ್ಯೋಗಿಯೊಬ್ಬರು ಅಂಥ ಅಕ್ಷರಗಳನ್ನು ಹಾಗೆಯೇ ಉಳಿಸಿಕೊಳ್ಳುವ ಪ್ಯಾಚ್ ತಂದರು. ಕನ್ನಡಿಗನಾಗಿ ನನಗೆ ಅದು ನ್ಯಾಯವೆಂದೇ ತೋರಿತು. ಹೊಸದಾಗಿ ಫಾರ್ಮ್ಯಾಟ್ ಮಾಡಿದ ಡಿಸ್ಕ್‌ನಲ್ಲಿ ಹತ್ತಾರು ಫೈಲ್‌ಗಳನ್ನು ಇಟ್ಟು ನೋಡಿ ಒಪ್ಪಿಗೆ ಕೊಟ್ಟೆ.

ಕೆಲವು ದಿನಗಳಲ್ಲಿ ಹಳೆಯ ಡಿಸ್ಕ್‌ನಿಂದ ದೂರು ಬಂತು. ಡೈರೆಕ್ಟರಿಯ ಪಟ್ಟಿಯಲ್ಲಿ ಫೈಲ್ ಕಾಣುತ್ತದೆ, ತೆರೆಯಹೋದರೆ ಅಂಥ ಫೈಲ್ ಇಲ್ಲವೆಂಬ ಉತ್ತರ ಬರುತ್ತದೆ. ಕಾಣದ ಅಕ್ಷರವಿದ್ದ ಆ ಹೆಸರು ಸೂಚಿಯಲ್ಲಿ ಕುಳಿತದ್ದು ಕೇಸ್‌ಫೋಲ್ಡ್‌ನ ಹಳೆಯ ಕೋಷ್ಟಕದಂತೆ (ಯಾವ ಅಕ್ಷರವನ್ನು ಏನಾಗಿ ಬದಲಿಸಬೇಕೆಂಬ ಪಟ್ಟಿಯಂತೆ) ಲೆಕ್ಕಹಾಕಿದ ಹ್ಯಾಷ್‌ನ ಜಾಗದಲ್ಲಿ. ಹೊಸ ಕರ್ನೆಲ್ ಅದನ್ನು ಹುಡುಕುತ್ತಿದ್ದದ್ದು ಇನ್ನೊಂದೆಡೆ. ನನ್ನ ಪರೀಕ್ಷೆಯಲ್ಲಿ ಇದು ಕಾಣಿಸಿಕೊಳ್ಳುವಂತೆಯೇ ಇರಲಿಲ್ಲ. ಹೊಸ ಡಿಸ್ಕ್‌ನಲ್ಲಿ ಹಳೆಯ ಹ್ಯಾಷ್ ಇರುವುದಿಲ್ಲ. ಅದೂ ಅಲ್ಲದೆ ಒಂದೇ ಬ್ಲಾಕ್‌ನಲ್ಲಿ ಹಿಡಿಯುವ ಡೈರೆಕ್ಟರಿಗೆ ಹ್ಯಾಷ್ ಸೂಚಿಯೇ ಇಲ್ಲದೆ, ಹೆಸರುಗಳನ್ನು ಒಂದೊಂದಾಗಿ ನೋಡಲಾಗುತ್ತದೆ. ಮುಖ್ಯ ಲಿನಕ್ಸ್ ಕರ್ನೆಲ್‌ನಲ್ಲಿಯೂ 2024ರಲ್ಲಿ ಇಂಥದೇ ಬದಲಾವಣೆ ಸೇರಿ, ಇದೇ ಕಾರಣಕ್ಕೆ ಅದೇ ವರ್ಷ ಡಿಸೆಂಬರ್‌ನಲ್ಲಿ ಅದನ್ನು ಹಿಂತೆಗೆಯಲಾಯಿತು. ನಾವೂ ಹಿಂತೆಗೆದೆವು, 'ಸಾಫ್ಟ್‌ವೇರ್' ಮತ್ತು 'ಸಾಫ್ಟ್ವೇರ್' ನಮ್ಮ ಡಿಸ್ಕ್‌ಗಳಲ್ಲಿ ಮತ್ತೆ ಒಂದೇ ಹೆಸರಾದವು.

ಕೇಸ್‌ಫೋಲ್ಡ್ ಕೋಷ್ಟಕದ ಒಂದು ಸಾಲು ಬದಲಾದರೂ ಅದನ್ನು ಈಗ ನಾನು ಡಿಸ್ಕ್ ವಿನ್ಯಾಸದ ಬದಲಾವಣೆ ಎಂದೇ ಎಣಿಸುತ್ತೇನೆ. ಹಿಂದಿನ ಕರ್ನೆಲ್‌ನಲ್ಲಿ ಸೃಷ್ಟಿಸಿದ, ಸಾವಿರಾರು ಹೆಸರುಗಳುಳ್ಳ ಒಂದು ಡೈರೆಕ್ಟರಿಯ ಡಿಸ್ಕ್ ಇಮೇಜನ್ನು ತೆಗೆದಿರಿಸಿದ್ದೇನೆ. ಹೊಸ ಕರ್ನೆಲ್ ಅದರ ಪ್ರತಿಯೊಂದು ಫೈಲನ್ನೂ ಹೆಸರು ಹಿಡಿದು ತೆರೆದು ತೋರಿಸುವವರೆಗೆ ಒಪ್ಪಿಗೆಯ ಸಾಲು ಬರೆಯುವುದಿಲ್ಲ.